ಕನ್ನಡ ಸಂಘದಲ್ಲಿ ಇಂಗ್ಲಿಷ್ ಪಾಠ ಏಕೆ ಬೇಕು?



ಕಳೆದ ಸಭೆಯಲ್ಲಿ ನಾನೊಂದು ಸಲಹೆಯನ್ನು ಮುಂದಿಟ್ಟಿದ್ದೆ. ನಮ್ಮೊಡನೆ ನೆಲೆಸಿರುವ ಹಾಗೂ ಊರಿನಿಂದ ಬಂದುಹೋಗುವ ಹಿರಿಯರಿಗಾಗಿ ಆರು ವಾರಗಳ ಸಣ್ಣದೊಂದು ತರಗತಿ ನಡೆಸೋಣ; ಅದರಲ್ಲಿ ಇಂಗ್ಲಿಷಿನ ‘ಫ್ರೇಸಲ್ ವರ್ಬ್’ಗಳನ್ನು, ಅಂದರೆ ಥ್ರೋ ಅಪ್, ಪಾಸ್ ಔಟ್, ಹೋಲ್ಡ್ ಆಫ್ ಮೊದಲಾದ ಜೋಡಿ ಕ್ರಿಯಾಪದಗಳನ್ನು, ಕನ್ನಡದಲ್ಲಿ ವಿವರಿಸೋಣ ಎಂದೆ. ಎರಡು ಆಕ್ಷೇಪಗಳು ಬಂದವು. “ಕನ್ನಡ ಸಂಘ ಕಟ್ಟಿದ್ದು ಇಂಗ್ಲಿಷ್ ಕಲಿಸಲಿಕ್ಕೋ?” ಎಂಬುದು ಮೊದಲನೆಯದು. “ನಮ್ಮ ಹಿರಿಯರೆಲ್ಲ ಓದಿದವರು, ಅವರಿಗೆ ಇಂಗ್ಲಿಷ್ ಬಾರದೆನ್ನುವುದು ಅವಮಾನ” ಎಂಬುದು ಎರಡನೆಯದು. ನಾಲ್ಕು ಮಂದಿ ನಕ್ಕರು, ಸಲಹೆ ಅಲ್ಲಿಗೇ ನಿಂತಿತು. ಮೊದಲನೆಯ ಆಕ್ಷೇಪ ತಪ್ಪು. ಎರಡನೆಯದು ತಪ್ಪು ಮಾತ್ರವಲ್ಲ, ಪ್ರಾಣಕ್ಕೆ ಅಪಾಯ. ಏಕೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಆಸ್ಟಿನ್ ಬಳಿಯ ಒಂದು ಮನೆಯ ಸಂಗತಿ ಇದು. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮಗನೊಡನೆ ನೆಲೆಸಿರುವ ಆ ಹಿರಿಯರು ಮಲೆನಾಡಿನ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ರೆನ್ ಅಂಡ್ ಮಾರ್ಟಿನ್ ವ್ಯಾಕರಣ ಅವರಿಗೆ ಕಂಠಪಾಠ. ಹೃದಯದ ತೊಂದರೆಗಾಗಿ ಕ್ಲೋಪಿಡೋಗ್ರೆಲ್ ಎಂಬ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ದೊಡ್ಡ ಕರುಳಿನ ಪರೀಕ್ಷೆಗೆ ದಿನ ಗೊತ್ತಾಯಿತು. ನರ್ಸ್ ಫೋನ್ ಮಾಡಿ, ದುಭಾಷಿ ಬೇಕೇ ಎಂದು ಕೇಳಿದಳು. ಇವರು ನಕ್ಕು ಬೇಡವೆಂದರು. ಆಕೆ ಆ ಮಾತ್ರೆಯನ್ನು ಐದು ದಿನ ‘ಹೋಲ್ಡ್ ಆಫ್’ ಮಾಡಿ ಎಂದಳು. ಹೋಲ್ಡ್ ಎಂದರೆ ಹಿಡಿದುಕೊಳ್ಳುವುದು. ಕೈಬಿಡಬೇಡಿ ಎನ್ನುತ್ತಿದ್ದಾಳೆ ಎಂದು ಮೇಷ್ಟ್ರು ಅರ್ಥಮಾಡಿಕೊಂಡರು. ಐದು ದಿನವೂ ಒಂದು ಹೊತ್ತು ತಪ್ಪದೆ ಮಾತ್ರೆ ನುಂಗಿದರು. ಆಕೆ ಹೇಳಿದ್ದು ನಿಲ್ಲಿಸಿ ಎಂದು.

ಪರೀಕ್ಷೆಯ ಬೆಳಗ್ಗೆ ಕೊನೆಯ ಕ್ಷಣದಲ್ಲಿ ಸಂಗತಿ ಹೊರಬಿತ್ತು, ಪರೀಕ್ಷೆ ಮುಂದೆ ಹೋಯಿತು. ಹೊರಬೀಳದಿದ್ದರೆ, ಕರುಳಿನ ಗಂಟೊಂದನ್ನು ಕತ್ತರಿಸಿ ತೆಗೆದ ಜಾಗದಿಂದ ರಕ್ತ ನಿಲ್ಲದೆ ಹರಿಯಬಹುದಾಗಿತ್ತು. ಮೇಷ್ಟ್ರು ನನ್ನೊಡನೆ ಹೇಳಿದ ಮಾತನ್ನು ಮರೆಯಲಾರೆ: “ಡಾಕ್ಟ್ರೇ, ನನಗೆ ಇಂಗ್ಲಿಷ್ ಬರದೇ ಇದ್ದಿದ್ದರೆ ಇನ್ನೊಂದು ಸಲ ಕೇಳ್ತಿದ್ದೆ. ಬರುತ್ತೆ ಅನ್ನೋದೇ ಮುಳುವಾಯ್ತು ನೋಡಿ.”

ಈ ಒಂದು ವಾಕ್ಯದಲ್ಲಿ ನನ್ನ ವಾದವೆಲ್ಲ ಇದೆ. ನಮ್ಮ ಹಿರಿಯರು ಕಲಿತದ್ದು ಪುಸ್ತಕದ ಇಂಗ್ಲಿಷ್. ವಾಮಿಟ್, ಫೇಂಟ್, ಪೋಸ್ಟ್‌ಪೋನ್, ಡಿಸ್ಕಂಟಿನ್ಯೂ ಎಂಬ ಪದಗಳು ಅವರಿಗೆ ಚೆನ್ನಾಗಿ ಗೊತ್ತು. ಟೆಕ್ಸಾಸಿನ ನರ್ಸ್ ಬಳಸುವುದು ಥ್ರೋ ಅಪ್, ಪಾಸ್ ಔಟ್, ಪುಟ್ ಆಫ್, ಕಮ್ ಆಫ್ ಎಂಬ ಮಾತುಗಳನ್ನು. ಕಷ್ಟದ ಪದವಾದರೆ ಕೇಳಿದವರು ತಡೆದು ಅರ್ಥ ಕೇಳುತ್ತಾರೆ. ಇವು ಒಂದನೆಯ ತರಗತಿಯ ಪದಗಳಾದ್ದರಿಂದ ಯಾರೂ ಕೇಳುವುದಿಲ್ಲ. ಗೊತ್ತಿಲ್ಲವೆಂಬುದೇ ಗೊತ್ತಾಗದಿರುವುದು ಇಲ್ಲಿನ ಅಪಾಯ.

‘ಪಾಸ್ ಔಟ್’ ಎಂಬುದನ್ನೇ ನೋಡಿ. ನಮ್ಮೂರಿನಲ್ಲಿ ಪಾಸ್ ಔಟ್ ಆಗುವುದು ಕಾಲೇಜಿನಿಂದ. ಇಲ್ಲಿ ಅದರ ಅರ್ಥ ಪ್ರಜ್ಞೆ ತಪ್ಪುವುದು. ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರಿಗೆ ವೈದ್ಯರು ಮೊದಲು ಕೇಳುವ ಪ್ರಶ್ನೆ ಅದೇ. ಉತ್ತರ ತಪ್ಪಿದರೆ ತಪಾಸಣೆಯ ದಾರಿಯೇ ತಪ್ಪುತ್ತದೆ. ಅದೇ ಪಾಸ್‌ಗೆ ‘ಅವೇ’ ಸೇರಿದರೆ ತೀರಿಕೊಳ್ಳುವುದು. ‘ಪುಲ್ ಓವರ್’ ನಮ್ಮ ಮನೆಗಳಲ್ಲಿ ಸ್ವೆಟರ್. ಹೆದ್ದಾರಿಯಲ್ಲಿ ಪೊಲೀಸರು ಹಾಗೆಂದರೆ ಕಾರನ್ನು ಬದಿಗೆ ನಿಲ್ಲಿಸಬೇಕು. 911ಕ್ಕೆ ಕರೆ ಮಾಡಿದಾಗ ‘ಹ್ಯಾಂಗ್ ಅಪ್’ ಮಾಡಬೇಡಿ ಎಂದರೆ ಫೋನ್ ಇಡಬೇಡಿ ಎಂದರ್ಥ. ಮಳೆಗಾಲದ ಹಠಾತ್ ಪ್ರವಾಹಗಳಿಗೆ ಹೆಸರಾದ ಈ ರಾಜ್ಯದಲ್ಲಿ ನೀರು ತುಂಬಿದ ರಸ್ತೆಗಳ ಬಗ್ಗೆ ಹವಾಮಾನ ಇಲಾಖೆ ನೀಡುವ ಎಚ್ಚರಿಕೆಯ ಘೋಷಣೆ ಆರಂಭವಾಗುವುದೂ ‘ಟರ್ನ್ ಅರೌಂಡ್’ ಎಂಬ ಜೋಡಿ ಪದದಿಂದಲೇ.

ಇದು ಹಿರಿಯರ ಕೊರತೆ ಎಂದು ಯಾರೂ ಭಾವಿಸಬಾರದು. 1755ರಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷಿಕರಿಗೆ ಅತ್ಯಂತ ಕಷ್ಟ ಕೊಡುವುದು ಇಂತಹ ಕ್ರಿಯಾಪದಗಳೇ ಎಂದು ಅದರ ಮುನ್ನುಡಿಯಲ್ಲಿಯೇ ಒಪ್ಪಿಕೊಂಡಿದ್ದಾನೆ. ನನ್ನ ಕಥೆಯನ್ನೇ ಹೇಳುತ್ತೇನೆ. ಕರ್ನಾಟಕದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಬಂದ ನನ್ನಂತಹವರು ಆಗ ಬರೆಯಬೇಕಾಗಿದ್ದ ಕ್ಲಿನಿಕಲ್ ಪರೀಕ್ಷೆಯ ಐದು ಕೇಂದ್ರಗಳಲ್ಲಿ ಹ್ಯೂಸ್ಟನ್ ಒಂದು. ಮಾತನಾಡುವ ಇಂಗ್ಲಿಷಿಗೂ ಅದರಲ್ಲಿ ಬೇರೆಯಾಗಿಯೇ ಮೌಲ್ಯಮಾಪನವಿತ್ತು. ನಾನು ತೇರ್ಗಡೆಯಾದೆ. ಆದರೂ ರೆಸಿಡೆನ್ಸಿಯ ಮೊದಲ ತಿಂಗಳಲ್ಲಿ ರೋಗಿಯೊಬ್ಬರು, ಎದ್ದು ಕುಳಿತರೆ ನೋವು ‘ಲೆಟ್ಸ್ ಅಪ್’ ಎಂದಾಗ, ‘ಅಪ್’ ಎಂದರೆ ಮೇಲೆ ತಾನೇ ಎಂದು, ನೋವು ಹೆಚ್ಚಾಗುತ್ತದೆ ಎಂದು ಬರೆದುಕೊಂಡೆ. ನೋವು ತಗ್ಗುತ್ತದೆ ಎಂಬುದು ಅದರ ಅರ್ಥ. ಹಿರಿಯ ವೈದ್ಯರು ಮತ್ತೊಮ್ಮೆ ವಿಚಾರಿಸಿದ್ದರಿಂದ ನಾನೂ ರೋಗಿಯೂ ಪಾರಾದೆವು. ಪರೀಕ್ಷೆ ಪಾಸಾದ ವೈದ್ಯನೇ ಎಡವಿದ ಮೇಲೆ, ಬಳ್ಳಾರಿಯಿಂದಲೋ ಬೆಳಗಾವಿಯಿಂದಲೋ ಮೊನ್ನೆ ಬಂದಿಳಿದ ತಾಯಿಯನ್ನು ನೋಡಿ ನಗುವ ಹಕ್ಕು ಯಾರಿಗಿದೆ?

ಇನ್ನು ಮೊದಲನೆಯ ಆಕ್ಷೇಪ. ಇದು ಕನ್ನಡದ ಕೆಲಸವಲ್ಲವಂತೆ. ಕನ್ನಡದ ಕೆಲಸವೇ ಹೌದು. ಕನ್ನಡ ಬಲ್ಲವರಷ್ಟೇ ಇದನ್ನು ಸುಲಭವಾಗಿ ಹೇಳಿಕೊಡಬಲ್ಲರು. ‘ತೀರು’ ಎಂಬುದಕ್ಕೆ ‘ಕೊಳ್ಳು’ ಸೇರಿ ‘ತೀರಿಕೊಂಡರು’ ಆದಾಗ ಸಾಲ ತೀರುವ ಅರ್ಥವೂ ಇಲ್ಲ, ಕೊಂಡುಕೊಳ್ಳುವ ಅರ್ಥವೂ ಇಲ್ಲ. ‘ಕೈಕೊಟ್ಟ’ ಎಂದರೆ ಮೋಸಮಾಡಿದ, ‘ಕೈಹಿಡಿದ’ ಎಂದರೆ ಮದುವೆಯಾದ. ‘ತಿನ್ನು’ ಎನ್ನುವುದಕ್ಕೂ ‘ತಿಂದುಬಿಡು’ ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಹೆಚ್ಚುಕಡಿಮೆ ಈಟ್ ಮತ್ತು ಈಟ್ ಅಪ್‌ಗಳ ನಡುವೆ ಇದೆ. ನಮ್ಮ ‘ಬಿಡು’ ಮಾಡುವ ಕೆಲಸವನ್ನು ಅಲ್ಲಿ ‘ಅಪ್’ ಮಾಡುತ್ತಿದೆ. ‘ಆಫ್’ ಬಂದರೆ ಬಹಳ ಸಲ ಬಿಟ್ಟು ದೂರವಾಗುವ ಭಾವ: ವೇರ್ ಆಫ್ ಎಂದರೆ ಮದ್ದಿನ ಪರಿಣಾಮ ಇಳಿಯುವುದು, ಟೇಪರ್ ಆಫ್ ಎಂದರೆ ಸ್ವಲ್ಪಸ್ವಲ್ಪವಾಗಿ ನಿಲ್ಲಿಸುವುದು. ಎಲ್ಲಕ್ಕೂ ಈ ಸೂತ್ರ ಒಪ್ಪುವುದಿಲ್ಲ. ಲೆಟ್ ಅಪ್ ನನಗೆ ಆ ಪಾಠ ಕಲಿಸಿದೆ. ಆದರೆ ಎರಡು ಸಣ್ಣ ಪದಗಳು ಸೇರಿ ಮೂರನೆಯ ಅರ್ಥ ಹುಟ್ಟುವುದನ್ನು ನಮ್ಮಜ್ಜಿಯರು ಹುಟ್ಟಿನಿಂದಲೇ ಬಲ್ಲರು. ಅದನ್ನು ಒಮ್ಮೆ ನೆನಪಿಸಿದರೆ ಭಯ ಅರ್ಧ ಇಳಿಯುತ್ತದೆ.

ವಾಟ್ಸಾಪಿನಲ್ಲಿ ಹರಿದಾಡುವ ಐನೂರು ಪದಗಳ ಪಟ್ಟಿಯಿಂದ ಇದು ಸಾಧ್ಯವಿಲ್ಲ. ಮೂವತ್ತು ಸಾಕು, ಸಂದರ್ಭಕ್ಕೆ ತಕ್ಕಂತೆ. ದೇಹಕ್ಕೆ: ಥ್ರೋ ಅಪ್ (ವಾಂತಿಯಾಗುವುದು), ಪಾಸ್ ಔಟ್ (ಪ್ರಜ್ಞೆ ತಪ್ಪುವುದು), ಸ್ವೆಲ್ ಅಪ್ (ಊದಿಕೊಳ್ಳುವುದು), ಫ್ಲೇರ್ ಅಪ್ (ಹಳೆಯ ಕಾಯಿಲೆ ಮತ್ತೆ ಕೆರಳುವುದು). ಮದ್ದಿಗೆ: ಹೋಲ್ಡ್ ಆಫ್ (ಸದ್ಯಕ್ಕೆ ನಿಲ್ಲಿಸುವುದು), ಕಟ್ ಬ್ಯಾಕ್ (ಕಡಿಮೆ ಮಾಡುವುದು), ರನ್ ಔಟ್ (ಮುಗಿದುಹೋಗುವುದು). ಫೋನಿಗೆ: ಹೋಲ್ಡ್ ಆನ್ (ಸ್ವಲ್ಪ ತಾಳುವುದು), ಹ್ಯಾಂಗ್ ಅಪ್ (ಫೋನ್ ಇಡುವುದು). ಹೀಗೆ ವಾರಕ್ಕೆ ಐದು.

“ಮಕ್ಕಳು, ಮೊಮ್ಮಕ್ಕಳು ಜೊತೆಗಿರುತ್ತಾರಲ್ಲ” ಎನ್ನುವವರೂ ಉಂಟು. ಹಗಲು ಹನ್ನೊಂದು ಗಂಟೆಗೆ ಎದೆನೋವು ಬಂದಾಗ ಮಗ ಪ್ಲೇನೋದ ಆಫೀಸಿನಲ್ಲಿರುತ್ತಾನೆ, ಮೊಮ್ಮಗಳು ಶಾಲೆಯಲ್ಲಿರುತ್ತಾಳೆ. ಜೊತೆಗಿದ್ದರೂ, ಮೂತ್ರದ ತೊಂದರೆಯನ್ನು ಅಳಿಯನ ಎದುರು ಯಾವ ಅತ್ತೆ ಬಾಯಿಬಿಟ್ಟು ಹೇಳುತ್ತಾರೆ? ಮನೆಯವರ ಮಾತಿನ ಮೇಲಷ್ಟೇ ನಿಂತರೆ ಏನಾಗಬಹುದೆಂಬುದಕ್ಕೆ 1980ರ ಫ್ಲಾರಿಡಾದ ಉದಾಹರಣೆಯಿದೆ. ವಿಲ್ಲಿ ರಾಮಿರೆಜ್ ಎಂಬ ಹದಿನೆಂಟರ ಹುಡುಗನ ಮನೆಯವರು, ತಿಂದದ್ದೇನೋ ಕೆಟ್ಟು ಹೀಗಾಗಿದೆ ಎಂಬರ್ಥದಲ್ಲಿ ‘ಇಂಟಾಕ್ಸಿಕಾಡೊ’ ಎಂಬ ಸ್ಪ್ಯಾನಿಷ್ ಪದ ಬಳಸಿದರು. ಮಾದಕವಸ್ತುವಿನ ಅಮಲೆಂದು ವೈದ್ಯರು ತಿಳಿದರು. ಮಿದುಳಿನ ರಕ್ತಸ್ರಾವ ಪತ್ತೆಯಾಗುವ ಹೊತ್ತಿಗೆ ತಡವಾಗಿತ್ತು. ಹುಡುಗನ ಕೈಕಾಲುಗಳು ಸ್ವಾಧೀನ ಕಳೆದುಕೊಂಡವು. ಅಂದು ಅಲ್ಲಿ ತರಬೇತಿ ಪಡೆದ ದುಭಾಷಿ ಇರಲಿಲ್ಲ.

ಆದ್ದರಿಂದ ತರಗತಿಯ ಕೊನೆಯ ಪಾಠ ದುಭಾಷಿಯನ್ನು ಕೇಳುವುದು. 1964ರ ನಾಗರಿಕ ಹಕ್ಕುಗಳ ಕಾಯಿದೆ ಮತ್ತು 2010ರ ಆರೋಗ್ಯ ಸೇವಾ ಕಾಯಿದೆಯ 1557ನೆಯ ಸೆಕ್ಷನ್ ಇದಕ್ಕೆ ಆಧಾರ. ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸಾಲದವರಿಗೆ ಅರ್ಹ ದುಭಾಷಿಯ ನೆರವನ್ನು ಉಚಿತವಾಗಿ ಒದಗಿಸಬೇಕು. ತುರ್ತು ಸಂದರ್ಭದ ಹೊರತು ಚಿಕ್ಕ ಮಕ್ಕಳಿಂದ ಭಾಷಾಂತರ ಮಾಡಿಸುವಂತಿಲ್ಲ. ಕನ್ನಡದ ದುಭಾಷಿ ಸಾಮಾನ್ಯವಾಗಿ ಫೋನಿನಲ್ಲೋ ವಿಡಿಯೊದಲ್ಲೋ ಸಿಗುತ್ತಾರೆ. ‘ಇಂಡಿಯನ್’ ಎಂದರೆ ಹಿಂದಿಯವರು ಬಂದಾರು, ಅವಸರದಲ್ಲಿ ಹೇಳಿದರೆ ಕೆನಡಾ ಎಂದುಕೊಂಡಾರು. ‘ಕನ್ನಡ’ ಎಂದು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ತೋರಿಸುವುದು ಲೇಸು. ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡದ ಬಗ್ಗೆ ಎದೆಯುಬ್ಬಿಸುವ ನಾವು ಆಸ್ಪತ್ರೆಯ ಕೌಂಟರಿನಲ್ಲಿ ಕನ್ನಡ ಬೇಕೆನ್ನಲು ನಾಚುವುದಾದರೆ, ಆ ಅಭಿಮಾನ ಯಾವ ಕಾಲಕ್ಕೆ?

ಸ್ಥಳವೆಲ್ಲಿ, ಸಮಯವೆಲ್ಲಿ ಎಂಬ ಪ್ರಶ್ನೆಗೆ ಉತ್ತರ ನಮ್ಮ ಕಣ್ಣೆದುರಿಗೇ ಇದೆ. ವಾರಾಂತ್ಯದಲ್ಲಿ ಮಕ್ಕಳು ಒಳಗೆ ಅ, ಆ, ಇ, ಈ ತಿದ್ದುವಾಗ, ಕರೆತಂದ ಅಜ್ಜ ಅಜ್ಜಿಯರು ಹೊರಗೆ ಕುರ್ಚಿಯಲ್ಲಿ ಒಂದು ಗಂಟೆ ಕಾಯುತ್ತಾರೆ. ಆ ಒಂದು ಗಂಟೆಯನ್ನು, ಪಕ್ಕದ ಒಂದು ಕೋಣೆಯನ್ನು ಕೊಡಿ. ಕೊನೆಯ ಹತ್ತು ನಿಮಿಷ ಮಕ್ಕಳನ್ನೂ ಅಲ್ಲಿಗೇ ಕರೆತರೋಣ. ಥ್ರೋ ಅಪ್ ಎಂದರೇನೆಂದು ಮೊಮ್ಮಗ ಕನ್ನಡದಲ್ಲಿ ಹೇಳಲಿ, ತಪ್ಪಿದ ಕನ್ನಡವನ್ನು ಅಜ್ಜಿ ತಿದ್ದಲಿ.

ಮುಂದಿನ ಸಭೆಯಲ್ಲಿ ಈ ಸಲಹೆಯನ್ನು ಮತ್ತೆ ಮಂಡಿಸುತ್ತೇನೆ. ಮೊದಲ ತರಗತಿ ನಾನೇ ತೆಗೆದುಕೊಳ್ಳುತ್ತೇನೆ; ಎರಡನೆಯದನ್ನು ಆ ಮೇಷ್ಟ್ರು ತೆಗೆದುಕೊಳ್ಳಲು ಒಪ್ಪಿದ್ದಾರೆ. ನಗುವವರು ಅಂದೂ ನಗಲಿ, ಆದರೆ ತಮ್ಮ ತಂದೆತಾಯಿಯರನ್ನು ಕರೆದುಕೊಂಡು ಬರಲಿ.

ಇಂತಿ ನಿಮ್ಮವ,
ಸಂಘದ ಸ್ವಯಂಸೇವಕ ವೈದ್ಯ