ದುಡಿದು ಓದಲು ಯಾರ ಅಪ್ಪಣೆ?

ಹೋದ ವಾರ ಸಂಜೆ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಬಟ್ಟೆ ಅಂಗಡಿಯ ಹಿರಿಯರೊಬ್ಬರು ಬಂದರು. ಅವರ ಮಗ ಅಮೆರಿಕಾದಲ್ಲಿ ಎಂ.ಎಸ್. ಎರಡನೆಯ ವರ್ಷ ಓದುತ್ತಿದ್ದಾನೆ. ಅವನು ಮೊಬೈಲಿಗೆ ಕಳಿಸಿದ ನಾಲ್ಕು ಹಾಳೆಯ ಕಾಗದವನ್ನು ಅಚ್ಚು ಹಾಕಿಸಿಕೊಂಡು ತಂದಿದ್ದರು. “ಮೇಷ್ಟ್ರೇ, ಇದೇನು ಸ್ವಲ್ಪ ಓದಿ ಹೇಳಿ” ಎಂದರು. ನನ್ನದು ಮೆಟ್ರಿಕ್ಕಿನ ಇಂಗ್ಲಿಷು. ನಿಘಂಟು ಹಿಡಿದು ಎರಡು ಸಂಜೆ ಕೂತೆ. ಸಂಗತಿ ಇಷ್ಟು. ಈ ವರ್ಷ ಹಿರಿಯರಿಗೆ ಹೃದಯದ ಶಸ್ತ್ರಕ್ರಿಯೆಯಾಯಿತು. ಮಗನ ಫೀಜಿಗೆಂದು ಕೂಡಿಟ್ಟಿದ್ದ ಹಣ ಆಸ್ಪತ್ರೆಯ ಪಾಲಾಯಿತು. ಹುಡುಗ ಯಾವುದಾದರೂ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು ಓದು ಮುಗಿಸುತ್ತೇನೆಂದರೆ ಅದಕ್ಕೆ ಅಲ್ಲಿಯ ಸರ್ಕಾರದ ಅಪ್ಪಣೆ ಬೇಕು. ಅಪ್ಪಣೆಗೆ ಅರ್ಜಿ, ಅರ್ಜಿಗೆ ಫೀಜು. ಇದನ್ನು ಬಿಡಿಸಿ ಹೇಳಿದಾಗ ಹಿರಿಯರು ಕೇಳಿದ್ದು ಒಂದೇ ಮಾತು: “ಭಿಕ್ಷೆಗಲ್ಲ, ದುಡಿಯೋಕೂ ಅಪ್ಪಣೆಯಾ?”

ಆ ಕಾನೂನು ಹೀಗಿದೆ. ವಿದ್ಯಾರ್ಥಿಗೆ ಕೊಡುವ ಎಫ್-1 ರಹದಾರಿಯ ಮೇಲೆ ಹೋದವನು ಕಾಲೇಜಿನ ಆವರಣದೊಳಗೆ ಮಾತ್ರ, ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಬಹುದು. ಗೇಟಿನ ಹೊರಗೆ ದುಡಿಯಬೇಕಾದರೆ ಮೊದಲು ಒಂದು ಪೂರ್ಣ ಶೈಕ್ಷಣಿಕ ವರ್ಷ ಓದಿರಬೇಕು. ಅನಂತರ, ತನ್ನ ಕೈಮೀರಿದ, ಮೊದಲೇ ಊಹಿಸಲಾಗದಿದ್ದ ತೀವ್ರ ಸಂಕಷ್ಟ ಬಂದಿದೆಯೆಂದು ತೋರಿಸಬೇಕು. ಸಂಕಷ್ಟ ಯಾವುದೆಂದು ಕಾನೂನೇ ಹೇಳುತ್ತದೆ: ತನ್ನ ತಪ್ಪಿಲ್ಲದೆ ವಿದ್ಯಾರ್ಥಿವೇತನವೋ ಆವರಣದ ಕೆಲಸವೋ ಹೋಗುವುದು, ನಾಣ್ಯದ ಬೆಲೆ ಬಹಳವಾಗಿ ಏರಿಳಿಯುವುದು, ಫೀಜು ಅಥವಾ ಜೀವನವೆಚ್ಚ ಮಿತಿಮೀರುವುದು, ಹಣ ಕಳಿಸುತ್ತಿದ್ದವರ ಸ್ಥಿತಿ ಕೆಡುವುದು, ವೈದ್ಯರ ಬಿಲ್ಲು. ಕಾಲೇಜಿನ ಅಧಿಕಾರಿ ಶಿಫಾರಸು ಮಾಡಬೇಕು. ಅದರ ಮೂವತ್ತು ದಿನದೊಳಗೆ ಅರ್ಜಿ ಹೋಗಬೇಕು. ಅಪ್ಪಣೆ ಸಿಕ್ಕರೂ ಪಾಠದ ದಿನಗಳಲ್ಲಿ ಅದೇ 20 ಗಂಟೆ. ಒಮ್ಮೆಗೆ ಒಂದು ವರ್ಷಕ್ಕಿಂತ ಹೆಚ್ಚಿಲ್ಲ.

ಬರೆದದ್ದು ಕೆಟ್ಟದ್ದೇನಲ್ಲ. ಬರೆದವರಿಗೆ ಬಡತನ ಹೇಗೆ ಬರುತ್ತದೆಂಬ ಅರಿವಿತ್ತು ಎನ್ನಬೇಕು. ಆದರೆ 2024ರ ಏಪ್ರಿಲ್ 1ರಿಂದ ಈ ಅರ್ಜಿಗೆ ಕಾಗದದಲ್ಲಿ ಕಳಿಸಿದರೆ 520 ಡಾಲರು, ಗಣಕಯಂತ್ರದ ಮೂಲಕವಾದರೆ 470 ಡಾಲರು ಎಂದು ಗೊತ್ತುಮಾಡಿದರು. ಕೈಯಲ್ಲಿ ಕಾಸಿಲ್ಲವೆಂದು ಸಾಬೀತುಪಡಿಸಲು ನಾನೂರೆಪ್ಪತ್ತು ಡಾಲರು! ಉತ್ತರ ಬರುವತನಕ ದುಡಿಯುವಂತಿಲ್ಲ. ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಮೊದಲ ವರ್ಷದಲ್ಲೇ ತಂದೆ ಹಾಸಿಗೆ ಹಿಡಿದರೆ ಈ ಬಾಗಿಲೂ ಇಲ್ಲ. ಕಾಯಿಲೆ ಶೈಕ್ಷಣಿಕ ವರ್ಷ ನೋಡಿಕೊಂಡು ಬರುತ್ತದೆಯೆ?

“ಅಮೆರಿಕಾಕ್ಕೆ ಹೋದವರ ಚಿಂತೆ ನಮಗೇಕೆ, ಅವರು ಸಾಹುಕಾರರ ಮಕ್ಕಳು” ಎಂದು ಮಿಲ್ಲಿನ ಗೆಳೆಯರೊಬ್ಬರು ಮುಖ ತಿರುಗಿಸಿದರು. ಇದು ಹಳೆಯ ಕಾಲದ ಮಾತು. 2024-25ರಲ್ಲಿ ಅಲ್ಲಿ ಓದುತ್ತಿದ್ದ ಭಾರತೀಯರು 3,63,019. ಇಷ್ಟೊಂದು ಸಾಹುಕಾರರು ನಮ್ಮ ದೇಶದಲ್ಲಿ ಎಲ್ಲಿದ್ದಾರೆ? ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಒತ್ತೆ ಕೇಳುತ್ತದೆ. ಒತ್ತೆ ಎಂದರೆ ನಿಮ್ಮ ಬೀದಿಯ ಯಾರೋ ಒಬ್ಬರ ಮನೆ.

ಇನ್ನು ರೂಪಾಯಿಯ ಕಥೆ. 1966ರ ಜೂನ್ 6ರಂದು ಡಾಲರಿನ ಬೆಲೆ 4 ರೂಪಾಯಿ 76 ಪೈಸೆಯಿಂದ 7 ರೂಪಾಯಿ 50 ಪೈಸೆಗೆ ಒಂದೇ ಏಟಿಗೆ ಏರಿತು. ಅಂದು ಊರೆಲ್ಲ ಮಾತಾಡಿತು. ಈಗಿನದು ಸದ್ದಿಲ್ಲದ ಜಾರಿಕೆ. 2021ರಲ್ಲಿ ಸುಮಾರು 74 ಇದ್ದದ್ದು 2025ರ ಡಿಸೆಂಬರಿನಲ್ಲಿ 90 ದಾಟಿತು. ವರ್ಷಕ್ಕೆ 40,000 ಡಾಲರು ಬೇಕೆನ್ನಿ: 29 ಲಕ್ಷ 60 ಸಾವಿರ ಇದ್ದ ಲೆಕ್ಕ 36 ಲಕ್ಷವಾಯಿತು. ಹುಡುಗ ಒಂದು ಊಟ ಹೆಚ್ಚು ಉಣ್ಣಲಿಲ್ಲ, ತಂದೆಯ ಮೇಲೆ ಆರು ಲಕ್ಷ ನಲವತ್ತು ಸಾವಿರ ಬಿತ್ತು. ಮೆಲ್ಲಗೆ ಜಾರಿದ್ದನ್ನು “ಊಹಿಸದಿದ್ದ” ಸಂಕಷ್ಟವೆಂದು ಅಧಿಕಾರಿಗೆ ಒಪ್ಪಿಸುವುದು ಸುಲಭವೂ ಅಲ್ಲ.

ದುಡಿದು ಓದುವುದು ನಾಚಿಕೆಯ ಸಂಗತಿಯಾಗಿದ್ದರೆ ಜಯಪ್ರಕಾಶ ನಾರಾಯಣರು ನಮಗೆ ಸಿಗುತ್ತಿರಲಿಲ್ಲ. 1922ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋದ ಅವರು ಹಣ್ಣಿನ ತೋಟಗಳಲ್ಲಿ ಕೂಲಿ ಮಾಡಿದರು, ಹೋಟೆಲಿನಲ್ಲಿ ತಟ್ಟೆ ತೊಳೆದರು, ಕಸಾಯಿಖಾನೆಯಲ್ಲೂ ದುಡಿದರು. ಬರ್ಕ್ಲಿಯಲ್ಲಿ ಫೀಜು ಇಮ್ಮಡಿಯಾದಾಗ ಅಯೋವಾಕ್ಕೆ ಗಂಟುಮೂಟೆ ಕಟ್ಟಿದರು. 1929ರಲ್ಲಿ ಒಹಾಯೊದಿಂದ ಎಂ.ಎ. ಪಡೆದು ಮರಳಿದರು. ಅಂಬೇಡ್ಕರರದು ಇನ್ನೊಂದು ಬಗೆ. ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೇ ಬಿಟ್ಟು ಬರಬೇಕಾಯಿತು. ತಮ್ಮ ಉಳಿತಾಯ, ಗೆಳೆಯನ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಇವು ಕೂಡಿಬಂದು 1920ರಲ್ಲಿ ಮತ್ತೆ ಹಡಗು ಹತ್ತಿದರು. ಇಬ್ಬರಿಗೂ ಬಂದದ್ದು ಇಂದಿನ ಕಾನೂನಿನ ಪಟ್ಟಿಯಲ್ಲಿರುವ ಸಂಕಷ್ಟವೇ.

ಅಮೆರಿಕಾದ ಕೆಲಸಗಾರರು ಎತ್ತುವ ಆಕ್ಷೇಪಣೆಯನ್ನು ತಳ್ಳಿಹಾಕಲಾರೆ. ಹೊರಗಿನ ಹುಡುಗರು ಬಂದು ಕೂಲಿ ಇಳಿಸುತ್ತಾರೆಂಬುದು ಅವರ ಭಯ. ಅದರಲ್ಲಿ ಒಂದು ಸತ್ಯವಿದೆ. ಅಲ್ಲಿ ವೃದ್ಧಾಪ್ಯದ ಪಿಂಚಣಿಗೂ ವೈದ್ಯಕ್ಕೂ ಮಾಲೀಕ ಕೂಲಿಯ ಶೇಕಡ 7.65 ಭಾಗ ಕಟ್ಟಬೇಕು, ಕೆಲಸಗಾರನೂ ಅಷ್ಟೇ ಕಟ್ಟುತ್ತಾನೆ. ಎಫ್-1 ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಈ ವಂತಿಗೆಯಿಲ್ಲ. ಹೀಗಾಗಿ ಮಾಲೀಕನಿಗೆ ಅವನು ಅಗ್ಗ. ಸರಿ, ಮಾಲೀಕನ ಆ ಪಾಲನ್ನು ಅವನಿಂದಲೇ ವಸೂಲು ಮಾಡಲಿ, ಯಾರು ಬೇಡವೆಂದರು? ಆದರೆ ಕೂಲಿಯನ್ನು ನಿಜವಾಗಿ ಇಳಿಸುವವನು ಕಾಗದವಿಲ್ಲದೆ ದುಡಿಯುವವನು. ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನ ಅಡಿಗೆಮನೆಯಲ್ಲಿ ಲೆಕ್ಕಕ್ಕೆ ಸೇರದ ನಗದು ಕೂಲಿಗೆ ನಿಂತ ಹುಡುಗ ಕಡಿಮೆ ಕೊಟ್ಟರೂ ಬಾಯಿ ಬಿಡಲಾರ. ದೂರು ಕೊಟ್ಟರೆ ಸಿಕ್ಕಿಬೀಳುವವನು ಅವನೇ. ಅಪ್ಪಣೆಯಿಲ್ಲದೆ ದುಡಿದವನಿಗೆ ವಿದ್ಯಾರ್ಥಿಯ ಸ್ಥಾನವನ್ನು ಮರಳಿ ಪಡೆಯುವ ದಾರಿಯನ್ನೂ ಅಲ್ಲಿಯ ಕಾನೂನು ಮುಚ್ಚಿದೆ. ಮಾಲೀಕನೂ ನಮ್ಮವನೇ ಆಗಿರುತ್ತಾನೆ ಎಷ್ಟೋ ಸಲ, ಇದನ್ನೂ ಹೇಳಿಬಿಡಬೇಕು. ಬದಲಿ ಕೂಲಿಗಳನ್ನು ಕಂಡ ಮಿಲ್ಲಿನವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಬೇರೆ ದೇಶಗಳು ಮುಳುಗಿಹೋಗಿಲ್ಲ. ಕೆನಡಾ 2024ರ ನವೆಂಬರಿನಲ್ಲಿ ಆವರಣದ ಹೊರಗಿನ ಕೆಲಸವನ್ನು ವಾರಕ್ಕೆ 24 ಗಂಟೆಗೆ ಏರಿಸಿತು. ಆಸ್ಟ್ರೇಲಿಯಾ 2023ರ ಜುಲೈಯಿಂದ ಹದಿನೈದು ದಿನಕ್ಕೆ 48 ಗಂಟೆ ಎಂದಿತು. ಜರ್ಮನಿ 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ. ಅಲ್ಲೆಲ್ಲ ಈ ಕೆಲಸಕ್ಕೆ ಮೊದಲು ಸಂಕಟದ ಸಾಕ್ಷಿ ಕೇಳುವುದಿಲ್ಲ.

ಅಮೆರಿಕಾಕ್ಕೂ ಸಡಿಲಿಸುವುದು ಗೊತ್ತು. 1998ರಲ್ಲಿ ಏಷ್ಯಾದ ನಾಣ್ಯಗಳು ಕುಸಿದಾಗ ಇಂಡೊನೇಷ್ಯಾ, ದಕ್ಷಿಣ ಕೊರಿಯಾ, ಮಲೇಷ್ಯಾ, ಥಾಯ್ಲೆಂಡ್, ಫಿಲಿಪ್ಪೀನ್ಸ್ ದೇಶಗಳ ವಿದ್ಯಾರ್ಥಿಗಳಿಗೆ ದುಡಿಮೆಯ ಕಟ್ಟುಗಳನ್ನು ತಾತ್ಕಾಲಿಕವಾಗಿ ಸಡಿಲಿಸಿತು. 2015ರ ಭೂಕಂಪದ ಅನಂತರ ನೇಪಾಳದವರಿಗೆ, 2022ರಲ್ಲಿ ಯುಕ್ರೇನಿನವರಿಗೆ ಹಾಗೆಯೇ ಮಾಡಿತು. ನಾಣ್ಯ ಕುಸಿದದ್ದಕ್ಕೆ ಅಂದು ಐದು ದೇಶಗಳಿಗೆ ಸಿಕ್ಕಿದ್ದನ್ನು ದೆಹಲಿ ಇಂದು ನಮ್ಮವರಿಗಾಗಿ ಕೇಳಲಿ. ಮೊದಲ ವರ್ಷದ ತಡೆ ಹೋಗಲಿ, ಸಂಕಷ್ಟದ ಅರ್ಜಿಗೆ ಫೀಜು ಬೇಡವೆನ್ನಲಿ, ಇಂತಿಷ್ಟು ದಿನದಲ್ಲಿ ಉತ್ತರ ಕೊಡಲಿ. ಮಕ್ಕಳು ಮನೆಗೆ ಕಳಿಸುವ ಡಾಲರನ್ನು ಎಣಿಸುವ ನಮ್ಮ ಸರ್ಕಾರಕ್ಕೆ ಅವರ ಪರವಾಗಿ ಒಂದು ಕಾಗದ ಬರೆಯುವ ಹೊಣೆಯಿದೆ. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಅದನ್ನು ಕೇಳಿಸಲಿ.

ಮಕ್ಕಳು ಅಲ್ಲಿರುವ ಮನೆಯವರು ಆಸ್ಪತ್ರೆಯ ರಸೀತಿ, ಬ್ಯಾಂಕಿನ ಪತ್ರ, ಅಂಗಡಿಯ ಲೆಕ್ಕ, ಯಾವುದನ್ನೂ ಎಸೆಯಬೇಡಿ. ಕನ್ನಡದ ಕಾಗದವಿದ್ದರೆ ಸರಿಯಾದ ಅನುವಾದವೆಂದು ಅನುವಾದಕರು ಸಹಿ ಹಾಕಿದ ಇಂಗ್ಲಿಷ್ ಪ್ರತಿಯನ್ನು ಜೊತೆಗಿಡಬೇಕು. ನಮ್ಮ ಹಿರಿಯರ ಖಾತೆ ಪುಸ್ತಕವೆಲ್ಲ ಕನ್ನಡದಲ್ಲೇ ಇತ್ತು. ಕಾಲೇಜಿನ ಅಧ್ಯಾಪಕರೊಬ್ಬರು ಮೂರು ರಾತ್ರಿ ಕೂತು ಅದನ್ನು ಇಂಗ್ಲಿಷಿಗೆ ಇಳಿಸಿದರು, ನಾನು ಅಂಕಿಗಳನ್ನು ಓದಿ ಹೇಳಿದೆ. ಶಿಫಾರಸಿನ ಗಡುವಿಗೆ ಇನ್ನು ಒಂಬತ್ತು ದಿನ ಉಳಿದಿದೆ.