ಕದ್ದು ತಿಂದೆಯಾ?

ನಾರಾಯಣಗೂಡದ ಫ್ಲೈಓವರ್ ಹತ್ತಿರದ ಗಲ್ಲಿಯೊಂದರಲ್ಲಿ ಒಂದು ಕನ್ನಡ ಮನೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗುವ ಮಗ. ಹೆಂಡತಿಗೆ ಮೂವತ್ತೇಳು, ಮೊದಲಿನಿಂದಲೂ ತೆಳ್ಳನೆ ಮೈ. ವರ್ಷದ ಹಿಂದೆ ಶುಗರ್ ಎಂದು ಗೊತ್ತಾಗಿ ಮಾತ್ರೆ ಶುರುವಾಯಿತು. ಏಳೆಂಟು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ಅನ್ನ ಅರ್ಧಕ್ಕಿಳಿಸಿದರೂ, ದಿನಾ ಬೆಳಿಗ್ಗೆ ಮೇಲ್ಕೋಟೆ ಪಾರ್ಕಿನಲ್ಲಿ ಸುತ್ತು ಹಾಕಿದರೂ ಗ್ಲುಕೋಮೀಟರಿನ ಅಂಕಿ ಏರುತ್ತಲೇ ಹೋಯಿತು, ತೂಕ ಇಳಿಯುತ್ತಲೇ ಹೋಯಿತು. ಆಗ ಗಂಡ ಕೇಳುತ್ತಾನೆ: "ನಿಜ ಹೇಳೇ, ಕದ್ದು ತಿಂತಿದ್ದೀಯಾ?"

ಈ ಮನೆ ಕಲ್ಪನೆಯದು. ಆ ಪ್ರಶ್ನೆಯನ್ನು ಮಾತ್ರ ಯಾರೂ ಕಲ್ಪಿಸಿಕೊಳ್ಳಬೇಕಾಗಿಲ್ಲ.

ಅವಳು ಏನನ್ನೂ ಕದ್ದಿಲ್ಲ. ಅವಳ ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಶತ್ರುವೆಂದು ತಿಳಿದು ನಾಶ ಮಾಡುತ್ತಿದೆ. ವೈದ್ಯರು ಇದನ್ನು ಲಾಡಾ ಎನ್ನುತ್ತಾರೆ. ಈ ಹೆಸರು ವೈದ್ಯಕೀಯ ಬರಹಕ್ಕೆ ಬಂದದ್ದು 1993ರಲ್ಲಿ. ಮಕ್ಕಳ ಟೈಪ್ 1ರಂತೆ ಇದು ಥಟ್ಟನೆ ಬೀಳಿಸುವುದಿಲ್ಲ. ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಟೈಪ್ 2ರ ವೇಷದಲ್ಲೇ ಇರುತ್ತದೆ. ಟೈಪ್ 2 ಎಂದು ಗುರುತಿಸಿದ್ದವರನ್ನು ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ಪರೀಕ್ಷಿಸಿದಾಗ ನೂರರಲ್ಲಿ ಸುಮಾರು ಹತ್ತು ಮಂದಿಯ ರಕ್ತದಲ್ಲಿ ಜಿಎಡಿ ಪ್ರತಿಕಾಯಗಳು ಸಿಕ್ಕವು. ಈ ಪ್ರಮಾಣ ದೇಶದಿಂದ ದೇಶಕ್ಕೆ ಬೇರೆ. ಆದರೆ 2023ರ ಐಸಿಎಂಆರ್-ಇಂಡಿಯಾಬ್ ಅಂದಾಜಿನಂತೆ 10.1 ಕೋಟಿ ಮಧುಮೇಹಿಗಳಿರುವ ದೇಶದಲ್ಲಿ ಸಣ್ಣ ಪಾಲೂ ದೊಡ್ಡ ಸಂಖ್ಯೆಯೇ.

ಗಂಡನಿಗೆ ಈ ಸಂಶಯ ಕಲಿಸಿದ್ದು ಕಾಯಿಲೆಯ ಹೆಸರು. ಕನ್ನಡದಲ್ಲಿ ಸಕ್ಕರೆ ಕಾಯಿಲೆ, ಬೀದಿಯ ತೆಲುಗಿನಲ್ಲಿ ಚಕ್ಕೆರ ವ್ಯಾಧಿ, ದಖನಿಯಲ್ಲಿ ಶಕರ್ ಕಿ ಬೀಮಾರಿ. ನಾರಾಯಣಗೂಡದಲ್ಲಿ ಕಿವಿಗೆ ಬೀಳುವ ಮೂರೂ ಭಾಷೆಗಳು ಒಬ್ಬನೇ ಆರೋಪಿಯತ್ತ ಕೈ ತೋರಿಸುತ್ತವೆ. ಸಕ್ಕರೆ ತಪ್ಪಿತಸ್ಥನಾದರೆ ತಿಂದವಳು ಪಾಲುದಾರಳು, ಕಟ್ಟಿಕೊಂಡವನು ಕಾವಲುಗಾರ. ಹೋಳಿಗೆ ಬಡಿಸುವಾಗ ಅವಳ ಎಲೆ ದಾಟಿ ಹೋಗುವುದೇ ಪ್ರೀತಿ ಎನಿಸಿಕೊಳ್ಳುತ್ತದೆ.

"ಕಾಳಜಿಯಿಂದ ತಾನೆ ತಡೆಯುವುದು?" ಎನ್ನಬಹುದು. ಕಾಳಜಿ ನಿಜ. ಊಟದ ಲೆಕ್ಕವೂ ಬೇಕು. ಎಷ್ಟು ಅನ್ನ, ಎಷ್ಟು ಚಪಾತಿ ಎಂದು ತಿಳಿಯದೆ ಇನ್ಸುಲಿನ್ ಪ್ರಮಾಣ ಹೊಂದಿಸಲಾಗದು. ಆದರೆ ಆ ಲೆಕ್ಕ ಅವಳದು, ಅವಳ ವೈದ್ಯರದು. ಮನೆಯವರೆಲ್ಲ ಪೊಲೀಸರಾದರೆ ಅವಳು ಅಂಕಿ ಮುಚ್ಚಿಡಲು ಕಲಿಯುತ್ತಾಳೆ. ಮುಚ್ಚಿಟ್ಟ ಅಂಕಿಯಿಂದ ಯಾವ ವೈದ್ಯರೂ ಚಿಕಿತ್ಸೆ ಮಾಡಲಾರರು.

ಆ ಹೆಸರಿನ ನಿಜವಾದ ಅಪಾಯ ಬಯಲಾಗುವುದು ಇನ್ಸುಲಿನ್ ಶುರುವಾದ ಮೇಲೆ. ರಾತ್ರಿ ಎರಡು ಗಂಟೆಗೆ ಅವಳು ಬೆವತು, ನಡುಗಿ, ಅಸಂಬದ್ಧ ಮಾತಾಡುತ್ತಾಳೆ. ಗ್ಲುಕೋಸ್ 70ಕ್ಕಿಂತ ಕೆಳಗಿಳಿದಿದೆ. ಆ ಹೊತ್ತಿಗೆ ಸಕ್ಕರೆಯೇ ಮದ್ದು: ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ, ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಸಕ್ಕರೆಯೇ ವಿಷವೆಂದು ನಂಬಿದ ಅತ್ತೆ ಆ ಲೋಟಕ್ಕೆ ಕೈ ಅಡ್ಡ ಹಿಡಿದರೆ?

ಇಳಿದದ್ದೇಕೆ ಎಂದೂ ಕೇಳಬೇಕು. ಅವಳು ಚುಚ್ಚಿಕೊಂಡದ್ದು ಎಂಟಕ್ಕೆ. ಗಂಡನಿಗೆ ಬಡಿಸಿ, ಮಗನಿಗೆ ತಿನ್ನಿಸಿ, ಅಡುಗೆಮನೆ ಒರೆಸಿ ತಟ್ಟೆ ಹಾಕಿಕೊಂಡದ್ದು ಒಂಬತ್ತೂವರೆಗೆ, ಅದೂ ಅರೆಹೊಟ್ಟೆ. ಊಟಕ್ಕೆಂದು ಚುಚ್ಚಿಕೊಂಡ ಇನ್ಸುಲಿನ್ ಯಾರ ಊಟ ಮುಗಿಯುವವರೆಗೂ ಕಾಯುವುದಿಲ್ಲ. ಹೆಂಗಸು ಕೊನೆಗೆ ಉಣ್ಣುವುದನ್ನು ಸಂಪ್ರದಾಯ ಎನ್ನುವ ಮನೆಗಳಲ್ಲಿ ಅದೀಗ ಜೀವಕ್ಕೆ ಕುತ್ತು. ಏಕಾದಶಿಯ ಉಪವಾಸವೂ ವೈದ್ಯರನ್ನು ಕೇಳದೆ ಆಗದು.

ಹಾಗಾದರೆ ಗಂಡ ಮಾಡಬೇಕಾದದ್ದೇನು? ತೆಳ್ಳಗಿರುವವರಿಗೆ ಮಾತ್ರೆ ಬೇಗ ಸೋತರೆ, ಮನೆಯಲ್ಲಿ ಥೈರಾಯ್ಡಿನಂಥ ಸ್ವಯಂನಿರೋಧಕ ಕಾಯಿಲೆ ಇದ್ದರೆ, ಜಿಎಡಿ ಪ್ರತಿಕಾಯ ಮತ್ತು ಸಿ-ಪೆಪ್ಟೈಡ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳುವುದು. ಇನ್ಸುಲಿನ್ ಅವಳ ಸೋಲಲ್ಲ, ದೇಹ ತಯಾರಿಸಲಾಗದ್ದನ್ನು ಹೊರಗಿನಿಂದ ಕೊಡುವುದಷ್ಟೇ ಎಂದು ತಾನು ಮೊದಲು ತಿಳಿದು, ನೆಂಟರಿಗೂ ಹೇಳುವುದು. ಹಾಗಲಕಾಯಿ ರಸದಿಂದ ಇನ್ಸುಲಿನ್ ಬಿಡಿಸುತ್ತೇನೆ ಎಂಬವರನ್ನು ಬಾಗಿಲಲ್ಲೇ ಕಳಿಸುವುದು. ಇನ್ಸುಲಿನ್ ನಿಂತರೆ ಕೀಟೋನುಗಳು ಏರಿ ರಕ್ತ ಆಮ್ಲೀಯವಾಗುತ್ತದೆ, ಪ್ರಾಣವೇ ಹೋಗಬಹುದು. ಹಾಸಿಗೆಯ ಪಕ್ಕ ಗ್ಲುಕೋಸ್ ಡಬ್ಬಿ ಇಡುವುದು. ಮಗನಿಗೆ ಅನ್ನ ಕಲಸುವುದು ಅಪ್ಪನಿಗೂ ಬರುತ್ತದೆ ಎಂದು ತೋರಿಸುವುದು.

ಕನ್ನಡದವರು ಬಾಗಿಲಿಗೆ ಬಂದವರನ್ನೆಲ್ಲ ಕೇಳುವ ಒಂದು ಮಾತಿದೆ. ಅದನ್ನು ಹೆಂಡತಿಯನ್ನು ಕೇಳುವ ಗಂಡಂದಿರು ಎಷ್ಟಿದ್ದಾರೋ. "ಕದ್ದು ತಿಂದೆಯಾ" ಬಿಟ್ಟು ಅದನ್ನು ಕೇಳಲಿ, ಎಂಟು ಗಂಟೆಗೇ ಕೇಳಲಿ, ತಟ್ಟೆ ತಾನೇ ಹಾಕಿ ಕೇಳಲಿ: "ನಿನ್ನ ಊಟ ಆಯ್ತಾ?"