ರಾತ್ರಿಶಾಲೆಯ ಬಾಕಿ ಪಾಠ

ಸ್ಮರಣ ಸಂಚಿಕೆ ಎಂದರೆ ಅಧ್ಯಕ್ಷರ ಮಾತು, ಪದಾಧಿಕಾರಿಗಳ ಭಾವಚಿತ್ರ, ಹೋಟೆಲು, ಬ್ಯಾಂಕು, ಬಿಲ್ಡರುಗಳ ಜಾಹೀರಾತು, ನಡುವೆ ಜಾಗ ಸಿಕ್ಕರೆ ಒಂದೆರಡು ಕವನ. ಮುಂಬಯಿಯ ಕನ್ನಡ ವಲಯದಲ್ಲಿ ಈ ಮಾತು ಬಹಳ ಹಳೆಯದು. ಜಾಹೀರಾತುದಾರರನ್ನು ನೋಯಿಸುವ ಧೈರ್ಯ ಈ ಸಂಪಾದಕನಿಗೂ ಇಲ್ಲ, ಅವರಿಲ್ಲದೆ ಸಂಚಿಕೆಯೇ ಇಲ್ಲ. ಆದರೂ ಈ ಸಲ ಸಂಪಾದಕ ಮಂಡಳಿ ಹಟ ಹಿಡಿದು ಒಂದು ವಿಷಯಕ್ಕೆ ಪುಟಗಳನ್ನು ಕೇಳಿ ಪಡೆದಿದೆ. ನಮ್ಮವರಲ್ಲೇ ಓದು ಬರಹ ಬಾರದವರಿದ್ದಾರೆ. ಓದು ಬಂದರೂ ಕನ್ನಡ ಓದಲಾರದವರಿದ್ದಾರೆ. ಇವರಿಗಾಗಿ ಸಂಘ ಏನು ಮಾಡಬಹುದು ಎಂಬುದೇ ಆ ವಿಷಯ.

ಮುಂಬಯಿ ಕನ್ನಡಿಗರ ಮಟ್ಟಿಗೆ ಇದು ಹೊಸ ಪ್ರಶ್ನೆಯಲ್ಲ. ಕಳೆದ ಶತಮಾನದ ಮೊದಲರ್ಧದಲ್ಲಿ ಮಂಗಳೂರು, ಉಡುಪಿ ಕಡೆಯಿಂದ ಹಡಗು ಹತ್ತಿ ಈ ಊರಿಗೆ ಬಂದ ಹುಡುಗರಲ್ಲಿ ಎಷ್ಟೋ ಮಂದಿ ನಾಲ್ಕನೆಯದೋ ಐದನೆಯದೋ ತರಗತಿಯಲ್ಲೇ ಶಾಲೆ ಬಿಟ್ಟವರು. ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಕಂಪನಿ ಕ್ಯಾಂಟೀನಿನಲ್ಲಿ ಟೇಬಲು ಒರೆಸಿ, ಮಲಗಲು ಜಾಗವೂ ಅದೇ ಹೋಟೆಲಿನ ಬೆಂಚಾಗಿದ್ದ ಆ ಹುಡುಗರಿಗೆ ಅಕ್ಷರದ ದಾರಿ ತೋರಿಸಿದ್ದು ಕನ್ನಡ ರಾತ್ರಿಶಾಲೆಗಳು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್‌ನಂಥ ಸಂಸ್ಥೆಗಳು ಸರಕಾರದ ದಾರಿ ಕಾಯದೆ ಈ ಕೆಲಸಕ್ಕೆ ಇಳಿದವು. ಹಗಲು ಯಾವುದೋ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವರು ಸಂಜೆ ಮೇಷ್ಟ್ರಾದರು. ಬೆಳಗಿನ ಪಾಳಿ ಮುಗಿಸಿದ ಹುಡುಗ ತೂಕಡಿಸುತ್ತಲೇ ಭೂಗೋಳ ಕಲಿತ. ಹೀಗೆ ಕಲಿತವರಲ್ಲಿ ಹೋಟೆಲು ಮಾಲೀಕರಾದವರು, ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು ನಮ್ಮ ನಿಮ್ಮ ಮನೆಗಳಲ್ಲೇ ಇದ್ದಾರೆ. ಅವರು ಸಭೆಗಳಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ, ಅಲ್ಲಿಗೆ ಮುಗಿಯಿತು. ಆ ಮಾತನ್ನು ಯಾರೂ ಬರೆದಿಟ್ಟುಕೊಂಡಿಲ್ಲ.

ಈಗ ಕಾಲ ಬದಲಾಗಿದೆ. ಕರಾವಳಿಯ ಹುಡುಗರು ಹತ್ತನೆಯದೋ ಪದವಿಯೋ ಮುಗಿಸಿಯೇ ಬರುತ್ತಾರೆ, ಬಂದರೂ ಹೋಟೆಲಿಗಲ್ಲ. ಉಡುಪಿ ಹೋಟೆಲಿನಲ್ಲಿ ಇಡ್ಲಿ ತಂದುಕೊಡುವವನು ಇವತ್ತು ಉತ್ತರ ಪ್ರದೇಶದವನೋ ಒಡಿಶಾದವನೋ ಆಗಿರುತ್ತಾನೆ. ಹಾಗೆಂದು ಓದು ಬಾರದ ಕನ್ನಡಿಗರು ಈ ಊರಿನಲ್ಲಿ ಇಲ್ಲವೆಂದಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ, ಕೂಲಿಯಾಳುಗಳು ಕೆಲಸಕ್ಕಾಗಿ ಕಾಯುವ ಯಾವುದಾದರೂ ನಾಕಾದಲ್ಲಿ ನಿಂತು ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕೇಳುತ್ತದೆ. ಕಟ್ಟಡ ಕೆಲಸಕ್ಕೆ ಬಂದವರು, ಅವರ ಹೆಂಡಂದಿರು, ಊರಿನ ಶಾಲೆಯನ್ನು ಅರ್ಧಕ್ಕೇ ಬಿಟ್ಟು ಇಲ್ಲಿಗೆ ಬಂದ ಮಕ್ಕಳು. ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಆ ಕನ್ನಡ ಶಾಲೆಗಳ ಬೆಂಚುಗಳ ಮೇಲೆ ಇಂದು ಕೂತಿರುವವರಲ್ಲಿ ಬಹಳಷ್ಟು ಈ ಮಕ್ಕಳೇ. ನಮ್ಮ ಸಂಘಗಳ ಯಕ್ಷಗಾನಕ್ಕೂ ವಾರ್ಷಿಕೋತ್ಸವಕ್ಕೂ ಇವರು ಬರುವುದಿಲ್ಲ, ನಾವು ಕರೆಯುವುದೂ ಇಲ್ಲ. 2011ರ ಜನಗಣತಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ ಕನ್ನಡ ಮಾತೃಭಾಷಿಕರಿದ್ದಾರೆ ಎಂದು ವೇದಿಕೆಯ ಮೇಲೆ ಹೇಳುವಾಗ ಇವರನ್ನೂ ಸೇರಿಸಿಕೊಂಡೇ ಹೇಳುತ್ತೇವೆ.

ಇನ್ನೊಂದು ಕಡೆ ನಮ್ಮದೇ ಫ್ಲ್ಯಾಟುಗಳ ಮಕ್ಕಳಿದ್ದಾರೆ. ಮನೆಯಲ್ಲಿ ತುಳು ಅಥವಾ ಕುಂದಾಪುರದ ಕನ್ನಡ, ಕಟ್ಟಡದ ಕೆಳಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷು, ಮರಾಠಿ. ನಾಲ್ಕು ಭಾಷೆ ಆಡಬಲ್ಲ ಈ ಮಕ್ಕಳಿಗೆ ಅಜ್ಜಿ ಬರೆದ ಕಾಗದ ಓದಲು ಬಾರದು. ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯನ್ನು ತಿಳಿದುಕೊಂಡು ಓದಿ ಬರೆಯಬಲ್ಲರಾದರೆ ಜನಗಣತಿಗೆ ಅವರು ಸಾಕ್ಷರರೇ. ಸರಕಾರದ ಲೆಕ್ಕಕ್ಕೆ ಅಷ್ಟು ಸಾಕು. ಕನ್ನಡ ಸಂಘದ ಲೆಕ್ಕಕ್ಕೆ ಸಾಲದು.

ಈ ಮಕ್ಕಳಿಗೆಂದೇ ಸಂಘಗಳು ಭಾನುವಾರದ ಕನ್ನಡ ತರಗತಿ ನಡೆಸುತ್ತವೆ. ಅಲ್ಲಿ ಏನಾಗುತ್ತದೆಂದು ಬಲ್ಲವರು ಬಲ್ಲರು. ಜೂನಿನಲ್ಲಿ ಇಪ್ಪತ್ತು ಮಕ್ಕಳು, ಗಣೇಶ ಚತುರ್ಥಿಯ ಹೊತ್ತಿಗೆ ಅರ್ಧ, ದೀಪಾವಳಿಯ ನಂತರ ಸ್ವಯಂಸೇವಕಿಯ ಸ್ವಂತ ಮಕ್ಕಳು ಮಾತ್ರ. ಅ ಆ ಇ ಈ ಮುಗಿದು ಒತ್ತಕ್ಷರಕ್ಕೆ ಬರುವಷ್ಟರಲ್ಲಿ ವರ್ಷ ಮುಗಿಯುತ್ತದೆ. ಮಕ್ಕಳನ್ನು ಬೈದು ಫಲವಿಲ್ಲ. ಕಲಿತ ಅಕ್ಷರದಿಂದ ಓದಬೇಕೆನಿಸುವ ಒಂದು ವಾಕ್ಯವನ್ನಾದರೂ ನಾವು ಅವರ ಮುಂದೆ ಇಟ್ಟಿರಬೇಕಲ್ಲ?

ಸಾಕ್ಷರತೆಯ ಚರಿತ್ರೆಯಲ್ಲಿ ಗೆದ್ದ ಪ್ರಯೋಗಗಳು ಈ ಪ್ರಶ್ನೆಯಿಂದಲೇ ಶುರುವಾಗಿವೆ. ನ್ಯೂಜಿಲೆಂಡಿನ ಸಿಲ್ವಿಯಾ ಆಷ್ಟನ್ ವಾರ್ನರ್ ಮಾವೊರಿ ಮಕ್ಕಳಿಗೆ ಪಠ್ಯಪುಸ್ತಕದ ಪದಗಳ ಬದಲು ಆ ಮಗುವೇ ಕೇಳಿದ ಪದವನ್ನು ಕಾರ್ಡಿನ ಮೇಲೆ ಬರೆದುಕೊಡುತ್ತಿದ್ದರು. ಭಯ, ಅಮ್ಮ, ದೆವ್ವ, ಹೀಗೆ ಮಗುವಿನ ಎದೆಯಲ್ಲಿದ್ದ ಪದಗಳು. ಬ್ರೆಜಿಲಿನ ಪಾವ್ಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಬಡ ಊರಿನಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸಲು ಹೊರಟರು. ಮೊದಲು ಗೋಡೆಯ ಮೇಲೆ ಅವರದೇ ಬದುಕಿನ ಚಿತ್ರ. ಅದರ ಬಗ್ಗೆ ಅವರದೇ ಮಾತು. ಆಮೇಲೆ ಆ ಮಾತಿನಿಂದ ಹೆಕ್ಕಿದ ಪದ. ಚಿತ್ರ ತೋರಿಸಲು ಪೋಲೆಂಡಿನಿಂದ ಅಗ್ಗದ ಸ್ಲೈಡ್ ಪ್ರೊಜೆಕ್ಟರುಗಳನ್ನು ತರಿಸಿದ್ದರು. ಮರುವರ್ಷವೇ ಸೈನ್ಯ ಅಧಿಕಾರ ಹಿಡಿದು ಆ ಕೆಲಸವನ್ನು ನಿಲ್ಲಿಸಿತು, ಫ್ರೇರಿ ಜೈಲಿಗೆ ಹೋದರು. ಅಕ್ಷರ ಕಲಿತ ಕೂಲಿಕಾರ ಯಾರಿಗೆಲ್ಲ ಇರುಸುಮುರುಸು ತರುತ್ತಾನೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಆ ಪ್ರೊಜೆಕ್ಟರಿನ ಕೆಲಸವನ್ನು ಇವತ್ತು ಎಲ್ಲರ ಕಿಸೆಯಲ್ಲಿರುವ ಫೋನು ಮಾಡಬಲ್ಲದು. 1990ರ ದಶಕದ ಮೊದಲ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇನಾ ಆಚ್ಲಿ, ಜೋ ಲ್ಯಾಂಬರ್ಟ್ ಮೊದಲಾದವರು ಡಿಜಿಟಲ್ ಕಥನ ಎಂಬ ಒಂದು ರೂಢಿ ಹಾಕಿದರು. ಕಸುಬಿನ ಕತೆಗಾರರಲ್ಲದವರು ಸುತ್ತ ಕೂತು ಒಬ್ಬೊಬ್ಬರಾಗಿ ತಮ್ಮ ಬದುಕಿನ ಒಂದು ಘಟನೆ ಹೇಳಬೇಕು, ಅದನ್ನು ಒಂದು ಪುಟದಷ್ಟು ಬರೆಯಬೇಕು, ತಮ್ಮ ದನಿಯಲ್ಲೇ ಓದಿ ಧ್ವನಿಮುದ್ರಿಸಬೇಕು, ಮನೆಯ ಆಲ್ಬಮ್ಮಿನ ನಾಲ್ಕಾರು ಫೋಟೋ ಜೋಡಿಸಬೇಕು. ಎರಡು ಮೂರು ನಿಮಿಷದಲ್ಲಿ ಮುಗಿಯಬೇಕು. 2001ರಲ್ಲಿ ಬಿಬಿಸಿ ಇದನ್ನೇ ವೇಲ್ಸಿನ ಊರೂರಿಗೆ ಒಯ್ದು ಜನಸಾಮಾನ್ಯರ ಕತೆಗಳನ್ನು ಸಂಗ್ರಹಿಸಿತು. ಈ ಕ್ರಮದಲ್ಲಿ ನನಗೆ ಮುಖ್ಯವಾಗಿ ಕಾಣುವುದು ತಂತ್ರಜ್ಞಾನವಲ್ಲ, ನಡುವೆ ಬರುವ ಆ ಒಂದು ಪುಟದ ಬರಹ. ಅದನ್ನು ಬಿಟ್ಟರೆ ಉಳಿಯುವುದು ರೀಲ್ಸು. ರೀಲ್ಸಿಗೆ ನಮ್ಮ ಮನೆಗಳಲ್ಲಿ ಬರವೇನಿಲ್ಲ.

ಹೇಳಿದ ಮಾತು ಹಾಳೆಗೆ ಇಳಿಯುವುದು ಎಂಥ ದುಡಿಮೆ ಎಂಬುದನ್ನು ತುಳುವರಿಗೆ ಹೇಳಿಕೊಡಬೇಕಾಗಿಲ್ಲ. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಕೃಷಿಕ ಗೋಪಾಲ ನಾಯ್ಕರು ಹಾಡಿದ ಸಿರಿಯ ಪಾಡ್ದನ ಎಂಬ ತುಳು ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರು ಧ್ವನಿಮುದ್ರಿಸಿದರು. ಅದರ 15,683 ಸಾಲುಗಳು ಅನುವಾದದೊಂದಿಗೆ ಪುಸ್ತಕವಾಗಿ ಬಂದದ್ದು 1998ರಲ್ಲಿ. ದಿನಗಳಲ್ಲಿ ಹಾಡಿದ್ದನ್ನು ಅಚ್ಚಿಗೆ ತರಲು ವರ್ಷಗಳೇ ಬೇಕಾದವು. ನಾವು ಮಹಾಕಾವ್ಯಕ್ಕೆ ಕೈ ಹಾಕುತ್ತಿಲ್ಲ. ಮೂರು ನಿಮಿಷದ ಮಾತು, ಅದಕ್ಕೊಂದು ಪುಟ.

ನಮ್ಮ ಯೋಜನೆ ಇಷ್ಟು. ರಾತ್ರಿಶಾಲೆಯಲ್ಲಿ ಕಲಿತ, ಹಡಗಿನಲ್ಲಿ ಬಂದ, ಚಾಳಿನಲ್ಲಿ ಸಂಸಾರ ಹೂಡಿದ ಹಿರಿಯರ ಬಳಿಗೆ ಭಾನುವಾರದ ತರಗತಿಯ ಮಕ್ಕಳನ್ನು ಒಯ್ಯುವುದು. ಹಿರಿಯರು ಹೇಳಬೇಕು, ಮಕ್ಕಳು ಫೋನಿನಲ್ಲಿ ಹಿಡಿಯಬೇಕು. ಪ್ರಶ್ನೆ ಸಣ್ಣದಿರಲಿ. “ನಿಮ್ಮ ಜೀವನದ ಬಗ್ಗೆ ಹೇಳಿ ಅಜ್ಜಾ” ಎಂದರೆ ಅಜ್ಜ ಭಾಷಣ ಮಾಡುತ್ತಾರೆ, ಕೊನೆಗೆ ನಿಮಗೊಂದು ಬುದ್ಧಿಮಾತೂ ಸಿಗುತ್ತದೆ. “ಮುಂಬಯಿಯಲ್ಲಿ ಮೊದಲ ರಾತ್ರಿ ಎಲ್ಲಿ ಮಲಗಿದಿರಿ?” ಎಂದು ಕೇಳಿ ನೋಡಿ. ಮಾತು ಮುಗಿಯುವ ತನಕ ಫ್ಯಾನು ಬಂದ್, ಅಡುಗೆಮನೆಯ ಕುಕ್ಕರೂ ಬಂದ್. ಫೋನು ಬಾಯಿಗೆ ಒಂದು ಗೇಣಿನಷ್ಟು ಹತ್ತಿರ ಇರಲಿ. ರೈಲುಹಳಿಯ ಪಕ್ಕದ ಮನೆಯಾದರೆ ಲೋಕಲ್ಲು ದಾಟಿಹೋಗುವ ತನಕ ಸುಮ್ಮನಿರಲು ಅಜ್ಜನಿಗೆ ಗೊತ್ತಿರುತ್ತದೆ, ಜೀವನವಿಡೀ ಅವರು ಹಾಗೆಯೇ ಮಾತಾಡಿದವರು.

ಆಮೇಲೆ ಬರುವುದು ನಿಜವಾದ ಪಾಠ. 2017ರಿಂದ ಗೂಗಲ್ ಕೀಲಿಮಣೆ ಕನ್ನಡದ ಮಾತನ್ನು ಕೇಳಿ ತಾನೇ ಅಕ್ಷರಕ್ಕಿಳಿಸುತ್ತದೆ. ಚೆನ್ನಾಗಿಯೇ ಇಳಿಸುತ್ತದೆ, ಆದರೆ ಕುಂದಾಪುರದವರ ಮಾತಿಗೂ ಕಲಬುರಗಿಯವರ ಮಾತಿಗೂ ಅದು ತಡವರಿಸುತ್ತದೆ. ಮಕ್ಕಳು ಆಡಿಯೋ ಕೇಳುತ್ತ, ತೆರೆಯ ಮೇಲಿನ ಅಕ್ಷರ ನೋಡುತ್ತ, ಯಂತ್ರ ಮಾಡಿದ ತಪ್ಪನ್ನು ಹಿಡಿಯಬೇಕು. ಲಕಾರವೋ ಳಕಾರವೋ, ದೀರ್ಘವೋ ಹ್ರಸ್ವವೋ, ಅಜ್ಜ ಅಂದದ್ದು ಇದೇ ಪದವೋ? ಕಾಪಿ ಬರೆಯಲು ಬೇಸರಪಡುವ ಹುಡುಗನಿಗೂ ಕಂಪ್ಯೂಟರಿನ ತಪ್ಪು ಹಿಡಿಯಲು ಎಲ್ಲಿಲ್ಲದ ಉತ್ಸಾಹ. ತಿದ್ದಿದ ಪುಟವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಅಜ್ಜನೆದುರು ಓದಿ ಹೇಳಬೇಕು. ಅಜ್ಜ ಬೇಡವೆಂದ ಸಾಲನ್ನು ತೆಗೆಯಬೇಕು. ಇದರಲ್ಲಿ ರಾಜಿ ಇಲ್ಲ. ಸಾರ್ವಜನಿಕವಾಗಿ ಹಾಕಲು ಒಪ್ಪಿದವರ ಕತೆಯನ್ನು ಮಾತ್ರ ಹಾಕುತ್ತೇವೆ, ಮಕ್ಕಳ ಮುಖ ಎಲ್ಲಿಯೂ ಬೇಡ. ತುಳುವಿನಲ್ಲಿ ಹೇಳಿದವರದ್ದು ತುಳುವಿನಲ್ಲೇ ಇರಲಿ. ಲಿಪಿ ಕನ್ನಡದ್ದೇ ಆದ್ದರಿಂದ ಮಗು ಓದುವುದು ಕನ್ನಡ ಅಕ್ಷರವನ್ನೇ.

ಈ ಪುಟಗಳು ಆ ಮಕ್ಕಳ ಮನೆಯಲ್ಲೇ ಉಳಿದರೆ ಅರ್ಧ ಕೆಲಸ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರ ಸಾಕ್ಷರತಾ ದಿನದಂದು, ಎಂದರೆ ಸೆಪ್ಟೆಂಬರ್ 8ಕ್ಕೆ, ಸ್ಟೋರಿವೀವರ್ ಎಂಬ ತೆರೆದ ಕಥಾ ಭಂಡಾರವನ್ನು ಆರಂಭಿಸಿತು. ಅಲ್ಲಿನ ಕತೆಗಳನ್ನು ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಚ್ಚು ಹಾಕಬಹುದು. ಮೂಲದವರ ಹೆಸರು ಹೇಳಿದರೆ ಸಾಕು, ಹಣ ಬೇಡ, ಅನುಮತಿಪತ್ರ ಬೇಡ. ಆರಂಭದ ಓದುಗರಿಂದ ಸರಾಗ ಓದುವವರ ತನಕ ನಾಲ್ಕು ಹಂತಗಳಿವೆ. ಪುಟಕ್ಕೆ ಒಂದೆರಡು ಸಾಲಿನ ಕತೆಯನ್ನು ಮರಾಠಿಯಿಂದಲೋ ಹಿಂದಿಯಿಂದಲೋ ಕನ್ನಡಕ್ಕೆ ತರುವುದು ಮನೆಯಲ್ಲಿರುವ ನಿವೃತ್ತರಿಗೆ ಒಂದು ಮಧ್ಯಾಹ್ನದ ಕೆಲಸ. ಮುಂಬಯಿ ಕನ್ನಡಿಗರಷ್ಟು ಸುಲಭವಾಗಿ ಮೂರು ಭಾಷೆಗಳ ನಡುವೆ ಓಡಾಡುವವರು ಕರ್ನಾಟಕದಲ್ಲೂ ಕಡಿಮೆ. ಅದನ್ನು ನಾವು ಇಲ್ಲಿಯತನಕ ತರಕಾರಿ ಚೌಕಾಸಿಗಷ್ಟೇ ಬಳಸಿಕೊಂಡಿದ್ದೇವೆ. ಹಿರಿಯರ ಕತೆಗಳನ್ನೂ ಇದೇ ಬಗೆಯ ತೆರೆದ ಪರವಾನಗಿಯಲ್ಲಿ ಪ್ರಕಟಿಸಿ, ಅಚ್ಚುಪ್ರತಿಗಳನ್ನು ಪಾಲಿಕೆಯ ಕನ್ನಡ ಶಾಲೆಗಳಿಗೆ ಕೊಡಬೇಕೆಂಬುದು ಮಂಡಳಿಯ ಆಸೆ. ಯಾದಗಿರಿಯ ಹುಡುಗಿ ಉಡುಪಿಯ ಅಜ್ಜನ ಹೋಟೆಲು ಕತೆ ಓದಲಿ. ಅವಳ ಅಮ್ಮನ ಕತೆಯನ್ನು ನಮ್ಮ ಮಕ್ಕಳು ಬರೆದುಕೊಳ್ಳಲಿ.

ಆ ಅಮ್ಮನಿಗೆ ತಾನೇ ಬರೆಯುವ ಆಸೆ ಇದ್ದರೆ ಅದಕ್ಕೂ ದಾರಿಯಿದೆ. ಕೇಂದ್ರ ಸರಕಾರದ ನವಭಾರತ ಸಾಕ್ಷರತಾ ಕಾರ್ಯಕ್ರಮ, ಉಲ್ಲಾಸ್ ಎಂಬ ಹೆಸರಿನದು, 2022ರಿಂದ 2027ರ ವರೆಗೆ ಹಾಕಿಕೊಂಡ ಯೋಜನೆ. 15 ವರ್ಷ ದಾಟಿದ, ಓದು ಬರಹ ಬಾರದವರಿಗಾಗಿ ಇದು ನಡೆಯುತ್ತದೆ. ಸಂಬಳದ ಮೇಷ್ಟ್ರುಗಳಿಲ್ಲ, ಇಡೀ ಯೋಜನೆ ನಿಂತಿರುವುದು ಸ್ವಯಂಸೇವಕರ ಮೇಲೆಯೇ. ಉಲ್ಲಾಸ್ ಆ್ಯಪಿನಲ್ಲಿ ಕಲಿಯುವವರೂ ಕಲಿಸುವವರೂ ಹೆಸರು ನೋಂದಾಯಿಸಬಹುದು, ಕೊನೆಗೆ 150 ಅಂಕದ ಪರೀಕ್ಷೆ ಮತ್ತು ಪ್ರಮಾಣಪತ್ರ. ಸ್ವಯಂಸೇವೆಯ ಹೆಸರಿನಲ್ಲಿ ಸರಕಾರ ತನ್ನ ಹೊರೆಯನ್ನು ನಮ್ಮ ಹೆಗಲಿಗೆ ದಾಟಿಸುತ್ತಿದೆ ಎಂಬ ಆಕ್ಷೇಪವಿದೆ, ಅದರಲ್ಲಿ ಹುರುಳೂ ಇದೆ. ಆದರೆ ಆ ವಾದ ತೀರ್ಮಾನವಾಗುವ ತನಕ ನಾಕಾದಲ್ಲಿ ನಿಂತವಳು ಹೆಬ್ಬೆಟ್ಟು ಒತ್ತುತ್ತಲೇ ಇರಬೇಕೆ?

ಅವಳು ಕಲಿಯಬೇಕಾದದ್ದು ಕನ್ನಡವೋ ಮರಾಠಿಯೋ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಬಸ್ಸಿನ ಬೋರ್ಡು, ರೇಷನ್ ಅಂಗಡಿ, ಆಸ್ಪತ್ರೆಯ ಚೀಟಿ ಎಲ್ಲ ಮರಾಠಿಯಲ್ಲೇ ಇರುವ ಊರಿನಲ್ಲಿ ಈ ಪ್ರಶ್ನೆ ನ್ಯಾಯವಾದದ್ದೇ. ನನ್ನ ಅಭಿಪ್ರಾಯ ಇದು: ಮೊದಲ ಓದು ಆಡುವ ಭಾಷೆಯಲ್ಲಿ ಆಗಲಿ, ಆಮೇಲಿನ ಲಿಪಿ ಬೇಗ ಹತ್ತುತ್ತದೆ. ಅವಳು ಮರಾಠಿಯನ್ನೇ ಕೇಳಿದರೆ ಮರಾಠಿ ಕಲಿಸೋಣ. ಕಲಿಸಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಕನ್ನಡ ಸಂಘಕ್ಕೆ ಅದರಿಂದ ಮೈಲಿಗೆಯೇನೂ ಆಗದು.

ಹಣದ ಮಾತು. ವಾರ್ಷಿಕೋತ್ಸವದ ಒಂದು ಸಂಜೆಯ ಧ್ವನಿ ಬೆಳಕಿಗೆ ಆಗುವ ಖರ್ಚಿನಲ್ಲಿ ಈ ಕೆಲಸ ವರ್ಷವಿಡೀ ನಡೆಯುತ್ತದೆ. ಹಾಗೆಂದು ವಾರ್ಷಿಕೋತ್ಸವ ನಿಲ್ಲಿಸಿ ಎನ್ನುವುದಿಲ್ಲ. ಯಕ್ಷಗಾನವಿಲ್ಲದ ಮುಂಬಯಿ ಕನ್ನಡಿಗನನ್ನು ಊಹಿಸುವುದು ಕಷ್ಟ. ನಮಗೆ ನಿಜವಾಗಿ ಕೊರತೆಯಿರುವುದು ಸಮಯದ್ದು. ದೇಣಿಗೆ ಕೊಡುವ ಕೈಗಳು ಈ ಊರಿನಲ್ಲಿ ಸಿಗುತ್ತವೆ, ಭಾನುವಾರ ಬೆಳಿಗ್ಗೆಯ ಎರಡು ಗಂಟೆ ಕೊಡುವವರು ಸಿಗುವುದಿಲ್ಲ. ಶ್ರೀಮಂತ ದಾನಿಗಳಿಗೆ ಶಾಲು ಹೊದಿಸುವ ನಾವು ವರ್ಷವಿಡೀ ತಪ್ಪದೆ ಬಂದು ಒತ್ತಕ್ಷರ ಕಲಿಸಿದ ಹೆಂಗಸಿಗೆ ವೇದಿಕೆಯ ಮೇಲೆ ಕುರ್ಚಿ ಹಾಕುವುದು ಯಾವಾಗ?

ಈ ಸಂಚಿಕೆಯ ಕೆಲವು ಪುಟಗಳ ಮೂಲೆಯಲ್ಲಿ ಒಂದು ಚೌಕದ ಕ್ಯೂಆರ್ ಗುರುತು ಕಾಣುತ್ತದೆ. ಫೋನು ಹಿಡಿದರೆ ಆ ಪುಟದ ಕತೆಯನ್ನು ಹೇಳಿದವರ ದನಿಯಲ್ಲೇ ಕೇಳಬಹುದು. ಕೇಳುತ್ತ ಪುಟವನ್ನೂ ಕಣ್ಣೆದುರು ಇಟ್ಟುಕೊಳ್ಳಿ, ಮಕ್ಕಳ ಬೆರಳನ್ನು ಸಾಲಿನ ಮೇಲೆ ಇಡಿಸಿ. ಎಲ್ಲವನ್ನೂ ಯೂನಿಕೋಡ್ ಅಕ್ಷರದಲ್ಲೇ ಸಿದ್ಧಪಡಿಸಿದ್ದೇವೆ. ಹಳೆಯ ಫಾಂಟುಗಳಲ್ಲಿ ಸಿದ್ಧವಾದ ನಮ್ಮ ಹಿಂದಿನ ಸಂಚಿಕೆಗಳಲ್ಲಿ ಇವತ್ತು ಒಂದು ಹೆಸರು ಹುಡುಕಲೂ ಆಗುತ್ತಿಲ್ಲ, ಅವನ್ನು ಪರಿವರ್ತಿಸಿ ಕರಡು ತಿದ್ದಲೂ ಜನ ಬೇಕು.

ಕೊನೆಯ ಪುಟದಲ್ಲಿ ಕತ್ತರಿಸಿ ಕೊಡಬಹುದಾದ ಒಂದು ಚೀಟಿಯಿದೆ. ಕತೆ ಹೇಳುವವರು, ಬರೆದುಕೊಳ್ಳುವವರು, ಅನುವಾದಿಸುವವರು, ಕರಡು ತಿದ್ದುವವರು, ಕಲಿಸುವವರು, ಕಲಿಯುವವರು ಎಂದು ಅದರಲ್ಲಿ ಆರು ಮನೆಗಳಿವೆ. ಒಂದಕ್ಕಿಂತ ಹೆಚ್ಚು ಗುರುತು ಹಾಕಬಹುದು. ಕನ್ನಡ ಚೆನ್ನಾಗಿ ಬಾರದು ಎಂಬವರು ಹಿಂಜರಿಯುವುದು ಬೇಡ, ಆರನೆಯ ಮನೆಯನ್ನು ಅವರಿಗಾಗಿಯೇ ಇಟ್ಟಿದ್ದೇವೆ. ಓದು ಬಾರದವರಿಗೆ ಈ ಚೀಟಿಯನ್ನು ಓದಿ ಹೇಳಿ, ಅವರ ಪರವಾಗಿ ತುಂಬಿ, ಸಂಘದ ಕಚೇರಿಯ ಪೆಟ್ಟಿಗೆಯಲ್ಲಿ ಹಾಕಿ.

ಸಂಪಾದಕ ಮಂಡಳಿಯ ಪರವಾಗಿ,
ಸಂಪಾದಕ